ಟ್ರಾಫಿಕ್ಕಿನಲ್ಲಿ ಹೋದ ಅತ್ತೆಯ ಹಲ್ಲು

ಇವರಿಗೆ,
ದೊಡ್ಡಾಸ್ಪತ್ರೆಯ ಚೌಕದಲ್ಲಿ ವಾಹನಗಳು ನಿಂತಲ್ಲೇ ನಿಂತಿರುವಾಗ ಅವುಗಳ ಹಿಂಬಾಗಿಲು ತೆರೆದು ಸರಕು ಇಳಿಸಿಕೊಳ್ಳುವ ಮಹನೀಯರು.
ವಿಳಾಸ: ಗೊತ್ತಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ಮಾನ್ಯರೇ,

ತಮ್ಮ ಅಮೂಲ್ಯ ಸಮಯವನ್ನು ತಿನ್ನುತ್ತಿರುವುದಕ್ಕೆ ಮೊಟ್ಟಮೊದಲು ಕೈಮುಗಿದು ಕ್ಷಮೆ ಕೋರುತ್ತೇನೆ. ಆ ಚೌಕದಲ್ಲಿ ನಾವೆಲ್ಲ ಸ್ಟೀರಿಂಗಿನ ಮೇಲೆ ಗದ್ದವಿಟ್ಟುಕೊಂಡು, ಆಕಳಿಸುತ್ತ, ಮುಂದಿನ ಗಾಡಿಯ ನಂಬರನ್ನು ಕೂಡಿ ಕಳೆದು ಹೊತ್ತು ಹೋಗಿಸುತ್ತಿರುವಾಗ, ಒಂದು ಗಳಿಗೆಯನ್ನೂ ದಂಡ ಮಾಡದೆ ದುಡಿಯುವವರು ತಾವೊಬ್ಬರೇ ಎಂಬುದನ್ನು ಬಲ್ಲೆ. ಇಂಥ ಕೆಲಸಗಾರರಿಗೆ ಮನೆಯಲ್ಲಿ ಕೂತು ಪತ್ರ ಓದುವ ಪುರುಸೊತ್ತು ಎಲ್ಲಿ ಬರಬೇಕು ಎಂದು ಯೋಚಿಸಿ, ಇದನ್ನು ಪತ್ರಿಕೆಗೆ ಕೊಡುವುದರ ಜೊತೆಗೆ ಒಂದು ಪ್ರತಿಯನ್ನು ಅದೇ ಚೌಕದ ಸಿಗ್ನಲ್ ಕಂಬಕ್ಕೂ ಅಂಟಿಸಿದ್ದೇನೆ. ಅಲ್ಲಿ ಕೆಂಪು ದೀಪ ಹಸಿರಾಗುವಷ್ಟರಲ್ಲಿ ಇದಕ್ಕಿಂತ ಉದ್ದದ ಪತ್ರವನ್ನೂ ನಿಧಾನವಾಗಿ, ಬೇಕಾದರೆ ತಪ್ಪು ತಿದ್ದುತ್ತ ಓದಬಹುದು.

ತಾವು ನನ್ನನ್ನು ಅರಿತಿಲ್ಲ, ಆದರೆ ನನ್ನ ಕೈಕೆಲಸವನ್ನು ಚೆನ್ನಾಗಿ ಅರಿತಿದ್ದೀರಿ. ನಾನು ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರಲ್ಲ. ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಕಳಿಸಿದ ಮೇಲೆ ಗಾರೆಯ ಅಚ್ಚು ಹೊಯ್ದು, ಅದರ ಮೇಲೆ ಮೇಣದ ಒಸಡು ಕಟ್ಟಿ, ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುವವನು. ಮೊಬೈಲ್ ಅಂಗಡಿಯ ಮೇಲಿನ ನಮ್ಮ ಮನೆಯ ಎರಡು ಕೋಣೆಗಳೇ ನನ್ನ ಕಾರ್ಖಾನೆ. ಅಲ್ಲಿ ಹಲ್ಲುಜ್ಜುವ ಯಂತ್ರದ ಗುಲಾಬಿ ಪುಡಿ ಕಿಟಕಿಯ ಮೇಲೆ, ಕ್ಯಾಲೆಂಡರಿನ ಮೇಲೆ, ನನ್ನ ಹುಬ್ಬಿನ ಮೇಲೆ, ಕೊನೆಗೆ ಚಹಾದ ಮೇಲೂ ಕೂತಿರುತ್ತದೆ. ಊರಿನ ಎಷ್ಟೋ ಗಣ್ಯರ ನಗು ಆ ಪುಡಿಯಿಂದಲೇ ಎದ್ದು ಹೋದದ್ದು, ಆದರೆ ಅವರಾರೂ ರಸ್ತೆಯಲ್ಲಿ ಸಿಕ್ಕಾಗ ನನ್ನನ್ನು ಗುರುತು ಹಿಡಿಯುವುದಿಲ್ಲ. ಹಿಡಿದರೆ ಪಕ್ಕದಲ್ಲಿರುವವರಿಗೆ ಗುಟ್ಟು ತಿಳಿದುಬಿಡುತ್ತದಲ್ಲ.

ಈ ಗುಟ್ಟಿನಿಂದಲೇ ತಮ್ಮ ನಮ್ಮ ಋಣಾನುಬಂಧ ಶುರುವಾಯಿತು. ಹಲ್ಲಿನ ಸೆಟ್ಟು ಕಟ್ಟಿಸಿಕೊಂಡವರಿಗೆ ಆಸ್ಪತ್ರೆಯಿಂದ ಅದನ್ನು ಕೈಯಲ್ಲಿ ಹಿಡಿದು ಹೊರಬರಲು ನಾಚಿಕೆ. ಬಿಳಿ ಡಬ್ಬಿ ಕಂಡರೆ ಸಾಕು, ಎದುರುಮನೆಯವರು ಅವರ ಬಾಯನ್ನೇ ನೋಡಲು ಶುರು ಮಾಡುತ್ತಾರೆ. ಕೆಳಗಿನ ಮೊಬೈಲ್ ಅಂಗಡಿಯೋ ನನ್ನ ಹೆಂಡತಿಯ ತಮ್ಮನದು, ಅವನಲ್ಲಿ ಹೊಸ ಮೊಬೈಲಿನ ಖಾಲಿ ಪೆಟ್ಟಿಗೆಗಳು ರಾಶಿ ಬಿದ್ದಿರುತ್ತವೆ. ಒಂದು ದಿನ ನನ್ನ ಹೆಂಡತಿ ಒಂದು ಸೆಟ್ಟನ್ನು ಅದರೊಳಗೆ ಇಟ್ಟು ನೋಡಿ, "ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತ್ಕೊಂತು ನೋಡ್ರಿ!" ಎಂದಳು. ಫೋನು ಇರುವ ಜಾಗದಲ್ಲಿ ಹಲ್ಲು, ಚಾರ್ಜರಿನ ಜಾಗದಲ್ಲಿ ಗಾರೆಯ ಅಚ್ಚು. ಅಂದಿನಿಂದ ನಮ್ಮ ಗಿರಾಕಿಗಳು ಹೊಸ ಮೊಬೈಲು ಕೊಂಡವರ ಗತ್ತಿನಲ್ಲಿ ಆಸ್ಪತ್ರೆಯ ಮೆಟ್ಟಿಲು ಇಳಿಯತೊಡಗಿದರು. ಎದುರುಮನೆಯವರು ಹೊಟ್ಟೆ ಉರಿದುಕೊಂಡರು. ನಮ್ಮ ಹೆಸರು ಹಬ್ಬಿತು. ಇಂಥ ಜಾಣತನ ತಮ್ಮಂಥ ಜಾಣರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಯೋಚಿಸುವ ಬುದ್ಧಿ ಮಾತ್ರ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಆ ದಿನದ ತಮ್ಮ ಕೆಲಸವನ್ನು ಮೆಚ್ಚದೆ ದೂರಿಗೆ ಇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಈ ಪೆಟ್ಟಿಗೆಗಳನ್ನು ಆಸ್ಪತ್ರೆಗೆ ಒಯ್ಯುವ ನಮ್ಮ ವ್ಯಾನು ಓಡಿಸುವವನು ನನ್ನ ಚಿಕ್ಕಪ್ಪನ ಮಗ. ಅವನನ್ನು ಎಲ್ಲರೂ ಪೈಲಟ್ ಎನ್ನುತ್ತಾರೆ, ಏಕೆಂದರೆ ಅವನ ಗಾಡಿ ಎರಡನೇ ಗೇರಿಗೆ ಬಿದ್ದದ್ದನ್ನು ಈ ಊರಿನಲ್ಲಿ ಕಂಡವರಿಲ್ಲ. ಚೌಕದಲ್ಲಿ ಎಂದಿನಂತೆ ಎಲ್ಲವೂ ನಿಂತಿತ್ತು. ಆಸ್ಪತ್ರೆಯ ಗೇಟು, ಗೇಟಿನ ಕಾವಲುಗಾರ, ಕಾವಲುಗಾರನ ಮೀಸೆ ಎಲ್ಲ ಕಾಣುತ್ತಿದ್ದವು, ತಲುಪುವುದೊಂದು ಬಿಟ್ಟು. ಪೈಲಟ್ ಎಂಜಿನ್ ಆರಿಸಿ, ಕೆಳಗಿಳಿದು, ಪಕ್ಕದ ಪೇಂಟಿನ ಲಾರಿಯವನ ಜೊತೆ ಈ ಜಾಮಿಗೆ ಮೂಲ ಕಾರಣ ಯಾರು ಎಂಬ ಚರ್ಚೆಗೆ ನಿಂತಿದ್ದ. ಅಷ್ಟರಲ್ಲಿ ತಾವು ದಯಮಾಡಿಸಿದಿರಿ. ನಮ್ಮ ವ್ಯಾನಿನ ಹಿಂಬಾಗಿಲಿಗೆ ಬೀಗ ಕೆಟ್ಟು ವರ್ಷಗಳಾಗಿ ಹಗ್ಗವೇ ಗತಿಯಾಗಿದೆ. ತಾವು ಆ ಹಗ್ಗ ಬಿಚ್ಚಿ, ಪೆಟ್ಟಿಗೆಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿ ಇಳಿಸಿಕೊಂಡು, ಬಾಗಿಲು ಮುಚ್ಚಿ, ಹಗ್ಗವನ್ನು ಮತ್ತೆ ಕಟ್ಟಿದಿರಿ! ಬಾಗಿಲು ತೆರೆದವರು ಮುಚ್ಚಬೇಕೆಂಬುದನ್ನು ನನ್ನ ಮನೆಯಲ್ಲಿ ಇಂದಿಗೂ ಯಾರೂ ಕಲಿತಿಲ್ಲ. ಅದಿರಲಿ, ತಾವು ಹಾಕಿದ ಗಂಟು ಎಷ್ಟು ಗಟ್ಟಿಯಾಗಿತ್ತೆಂದರೆ ಆಸ್ಪತ್ರೆಯ ಬಾಗಿಲಲ್ಲಿ ಪೈಲಟ್ ಹಲ್ಲು ಹಚ್ಚಿ ಎಳೆದರೂ ಬಿಚ್ಚಿಕೊಳ್ಳದೆ, ಒಳಗಿನಿಂದ ನರ್ಸಮ್ಮನ ಕತ್ತರಿ ತರಿಸಿ, ನಾಲ್ಕು ಜನ ಸುತ್ತ ನಿಂತು ಹಗ್ಗ ಕತ್ತರಿಸಿ ನೋಡಿದರೆ ಒಳಗೆ ಏನೂ ಇರಲಿಲ್ಲ.

ವ್ಯಾನಿನ ಹಿಂದೆ ನಿಂತಿದ್ದ ಕಾರಿನ ಹಿರಿಯರೊಬ್ಬರು ತಮ್ಮನ್ನು ನಮ್ಮ ಕೆಲಸದವರೆಂದೇ ತಿಳಿದಿದ್ದರಂತೆ. ಜಾರುತ್ತಿದ್ದ ಪೆಟ್ಟಿಗೆಯೊಂದನ್ನು ಅವರೇ ಕಾರಿನಿಂದ ಇಳಿದು ಹಿಡಿದುಕೊಟ್ಟು, "ಜೋಪಾನ ಕಣಪ್ಪ, ಬಿದ್ರೆ ಕೆಲಸಕ್ಕೆ ಬರಲ್ಲ" ಎಂದು ಬುದ್ಧಿವಾದವನ್ನೂ ಹೇಳಿದರಂತೆ. ತಾವು ತಲೆಬಾಗಿ ವಂದಿಸಿ ನಡೆದಿರಂತೆ. ಆ ರಸ್ತೆಯಲ್ಲಿ ಆ ಹೊತ್ತಿನಲ್ಲಿ ಚಲಿಸುತ್ತಿದ್ದ ಏಕೈಕ ಸರಕು ಸಾಗಾಣಿಕೆ ತಮ್ಮದೇ. ತಾವು ಬಲಕ್ಕೆ ನಡೆದಿರಿ, ಎಡಕ್ಕೆ ನಡೆದಿದ್ದರೆ ಆಸ್ಪತ್ರೆ. ನಮ್ಮ ಕೆಲಸಕ್ಕೂ ತಮ್ಮ ಕೆಲಸಕ್ಕೂ ಇರುವ ವ್ಯತ್ಯಾಸ ಇಷ್ಟೇ. ಆದ್ದರಿಂದ ನನ್ನ ಮೊದಲನೆಯ ವಿನಮ್ರ ಬೇಡಿಕೆ ಏನೆಂದರೆ, ತಾವು ಇನ್ನು ಮುಂದೆ ನಮ್ಮ ವ್ಯಾನಿನಿಂದ ಕದ್ದಾಗಲೆಲ್ಲ ದಯವಿಟ್ಟು ಎಡಕ್ಕೆ ನಡೆಯಬೇಕು, ಕಾವಲುಗಾರನಿಗೆ ನಾನು ಹೇಳಿರುತ್ತೇನೆ. ಇದು ಒಪ್ಪಿಗೆಯಾದರೆ ಊರಿನ ಎಲ್ಲ ಸಾಗಾಣಿಕೆಯನ್ನೂ ತಮ್ಮ ಕೈಗೇ ಒಪ್ಪಿಸಿ, ಪೈಲಟ್‌ನಂಥವರಿಗೆ ಸಿಗ್ನಲ್ ಕಂಬದ ಕೆಳಗೆ ಒಂದು ಬೆಂಚು ಹಾಕಿಸಿಕೊಟ್ಟರೆ ಚರ್ಚೆಯೂ ಸುಗಮವಾಗಿ ನಡೆಯುತ್ತದೆ.

ಆ ಸಂಜೆ ತಮ್ಮ ಮನೆಯಲ್ಲಿ ಏನಾಗಿರಬಹುದು ಎಂದು ನೆನೆದರೆ ನನಗೆ ಕರುಳು ಚುರ್ ಎನ್ನುತ್ತದೆ. ಚಾಪೆ ಹಾಸಿ, ಬಾಗಿಲಿಗೆ ಚಿಲಕ ಹಾಕಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮೊದಲನೇ ಪೆಟ್ಟಿಗೆಯ ಮುಚ್ಚಳ ತೆಗೆದಿರುತ್ತೀರಿ, ಒಳಗಿನಿಂದ ಹಲ್ಲಿನ ಸೆಟ್ಟೊಂದು ತಮ್ಮನ್ನು ನೋಡಿ ನಕ್ಕಿರುತ್ತದೆ. ಇದೊಂದು ಏನೋ ತಪ್ಪಾಗಿ ಬಂದಿರಬೇಕೆಂದು ಎರಡನೆಯದನ್ನು ತೆಗೆದಿರುತ್ತೀರಿ, ಅದೂ ನಕ್ಕಿರುತ್ತದೆ. ಮೂರನೆಯದು ಸ್ವಲ್ಪ ಜಾಸ್ತಿಯೇ ನಕ್ಕಿರುತ್ತದೆ, ಅದು ಭಾಷಣಕಾರರೊಬ್ಬರದ್ದು. ಕೊನೆಗೆ ಚಾಪೆಯ ತುಂಬ ನಗುವೋ ನಗು, ನಗದೆ ಕೂತವರು ತಾವೊಬ್ಬರೇ. ಇಂಥ ಆಘಾತ ಕೊಟ್ಟದ್ದಕ್ಕೆ ನಮ್ಮ ಸಂಸ್ಥೆಯ ಪರವಾಗಿ ವಿಷಾದ ಸೂಚಿಸುತ್ತೇನೆ.

ಠಾಣೆಗೆ ಹೋದದ್ದು ತಮ್ಮ ಮೇಲಿನ ಸಿಟ್ಟಿನಿಂದಲ್ಲ, ಹೆಂಡತಿಯ ಮೇಲಿನ ಭಯದಿಂದ. ಅಲ್ಲಿನ ಅಧಿಕಾರಿ ಏನು ಹೋಯಿತು ಎಂದರು, ಹಲ್ಲು ಎಂದೆ. ನನ್ನ ಬಾಯನ್ನೇ ದಿಟ್ಟಿಸಿ, "ಇದಾವಲ್ರೀ!" ಎಂದರು. ನನ್ನವಲ್ಲ ಸ್ವಾಮಿ, ಬೇರೆಯವರವು, ಪೆಟ್ಟಿಗೆಗಟ್ಟಲೆ ಹೋದವು ಎಂದಾಗ ಅವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು, ಅಷ್ಟು ಜನರ ಹಲ್ಲು ಉದುರಿಸಿದವರು ಯಾರು, ಜಗಳ ಯಾವುದಕ್ಕೆ ಎಂದು ವಿಚಾರಿಸತೊಡಗಿದರು. ಪೆಟ್ಟಿಗೆ ಹೋಗಿದ್ದರೆ ಕಳ್ಳತನ, ಹಲ್ಲು ಹೋಗಿದ್ದರೆ ಹೊಡೆದಾಟ, ಎರಡೂ ಒಟ್ಟಿಗೆ ಹೋದದ್ದನ್ನು ಅವರು ನೌಕರಿಗೆ ಸೇರಿದಾಗಿನಿಂದ ಕಂಡಿರಲಿಲ್ಲವಂತೆ. ನಾನು ನಮಸ್ಕಾರ ಹಾಕಿ ಎದ್ದು ಬಂದೆ.

ತಮಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ. ಆ ಪೆಟ್ಟಿಗೆಗಳಲ್ಲಿ ಒಂದರ ಮೇಲೆ ಪೆನ್ಸಿಲಿನಲ್ಲಿ 'ಸೀಟಿ ಸಾಹೇಬರು' ಎಂದು ಬರೆದಿತ್ತು. ಗುಟ್ಟು ಕಾಪಾಡಲೆಂದು ನಾವು ಯಾರ ಹೆಸರನ್ನೂ ಬರೆಯುವುದಿಲ್ಲ, ಅಡ್ಡಹೆಸರು ಮಾತ್ರ. ಈ ಸಾಹೇಬರು ಹಳೆಯ ಸೆಟ್ಟು ಮುರಿದುಹೋಗಿ ಹೊಸದಕ್ಕೆ ಕಾಯುತ್ತಿದ್ದ, ಅದೇ ಚೌಕದ ಸಂಚಾರ ಪೊಲೀಸರು. ಮುಂದಿನ ಹಲ್ಲಿಲ್ಲದೆ ಸೀಟಿ ತುಟಿಯಲ್ಲಿ ನಿಲ್ಲದು, ನಿಂತರೂ ಊದಿದ ಗಾಳಿ ಎರಡೂ ಕಡೆಯಿಂದ ಸೋರಿಹೋಗಿ ಪುಸ್ ಎನ್ನುತ್ತದೆ. ಪುಸ್ ಎಂದರೆ ಯಾವ ಬಸ್ಸು ನಿಲ್ಲುತ್ತದೆ? ತಾವು ಸೆಟ್ಟು ಕೊಂಡೊಯ್ದ ಮೇಲೆ ಜಾಮು ಚೌಕವನ್ನು ದಾಟಿ, ಮಾರುಕಟ್ಟೆಯ ರಸ್ತೆಯನ್ನು ತುಂಬಿ, ನಮ್ಮ ಕಾರ್ಖಾನೆಯ ಕಿಟಕಿಯ ಕೆಳಗಿನವರೆಗೆ ಬಂದು ನಿಂತಿದೆ. ನಿಂತ ಗಾಡಿ ಜಾಸ್ತಿಯಾದಷ್ಟೂ ತಮ್ಮ ವ್ಯವಹಾರ ಜಾಸ್ತಿಯಾಗಿ, ಪೇಂಟಿನ ಡಬ್ಬಗಳು, ಕುಕ್ಕರುಗಳು, ಯಾರದೋ ಮದುವೆಯ ಕುರ್ಚಿಗಳು ತಮ್ಮ ಮನೆ ಸೇರುತ್ತಿವೆ. ಇದನ್ನು ಮೊದಲೇ ಲೆಕ್ಕ ಹಾಕಿ ಸಾಹೇಬರ ಹಲ್ಲಿಗೇ ಕೈಹಾಕಿದಿರಿ ಎಂದಾದರೆ, ನಾನು ಎದ್ದು ನಿಂತು ಟೋಪಿ ತೆಗೆಯುತ್ತೇನೆ.

ಇಷ್ಟೆಲ್ಲವನ್ನೂ ನಗುನಗುತ್ತ ನುಂಗಿಕೊಳ್ಳಬಲ್ಲೆ. ಭಾಷಣಕಾರರಿಗೆ ಬೇರೆ ಸೆಟ್ಟು ಮಾಡಿಕೊಡುತ್ತೇನೆ, ಅವರು ಸುಮ್ಮನಿರುವಷ್ಟು ದಿನ ಊರಿಗೂ ಒಳ್ಳೆಯದು. ನನ್ನ ದೂರು ಇರುವುದು ಒಂದೇ ಒಂದು ಪೆಟ್ಟಿಗೆಯ ಬಗ್ಗೆ. ಅದರ ಮೇಲೆ 'ನಮ್ಮತ್ತೆ' ಎಂದು ಬರೆದಿತ್ತು.

ಅತ್ತೆಯೆಂದರೆ ನನ್ನ ಅಪ್ಪನ ಅಕ್ಕ, ನನ್ನನ್ನು ಸಾಕಿ ಬೆಳೆಸಿದವರು. ಅವರ ನಗು ಮೂರು ಮನೆಯಾಚೆ ಕೇಳಿಸುತ್ತಿತ್ತು. ಸಿನಿಮಾ ಮಂದಿರದಲ್ಲಿ ಅವರು ನಕ್ಕರೆ, ಜನ ಪರದೆ ಬಿಟ್ಟು ಇವರನ್ನು ನೋಡುತ್ತಿದ್ದರು. ನಾನು ಈ ಕಸುಬು ಕಲಿಯುವುದಕ್ಕೆ ಮೊದಲೇ ಅವರು ಎಲ್ಲೋ ಕಟ್ಟಿಸಿಕೊಂಡಿದ್ದ ಹಳೆಯ ಸೆಟ್ಟು ಈಚೆಗೆ ತೊಳೆಯುವಾಗ ಕೈಜಾರಿ ಸಿಂಕಿನಲ್ಲಿ ಬಿದ್ದು ಎರಡು ಹೋಳಾಯಿತು. ಅಂದಿನಿಂದ ಅವರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಮಾತಾಡತೊಡಗಿದರು, ಆಮೇಲೆ ಮಾತೂ ಕಡಿಮೆಯಾಯಿತು, ನಗು ನಿಂತೇಹೋಯಿತು. ನಮ್ಮ ನಡುಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿಸಲು ಶುರುವಾದಾಗ ನಾನು ನಿಜವಾಗಿ ಹೆದರಿದೆ.

ಅವರ ಶಾಲೆಯ ದಿನಗಳ ಫೋಟೋ ಒಂದಿದೆ. ಅದರಲ್ಲಿ ಅತ್ತೆಯೂ ಅವರ ಗೆಳತಿ ಗಿರಗಿಟ್ಲೆಯೂ ಹೆಗಲ ಮೇಲೆ ಕೈಹಾಕಿಕೊಂಡು ಬಾಯಿಬಿಟ್ಟು ನಗುತ್ತಿದ್ದಾರೆ. ನಿಂತಲ್ಲಿ ನಿಲ್ಲದವರೆಂದು ಆ ಗೆಳತಿಗೆ ಆ ಹೆಸರು. ಅತ್ತೆಯ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಣ್ಣ ಸಂದಿ. ಹಳೆಯ ಸೆಟ್ಟಿನಲ್ಲಿ ಆ ಸಂದಿ ಇರಲಿಲ್ಲ, ಅದನ್ನು ಹಾಕಿಕೊಂಡು ಅವರು ನಕ್ಕರೆ ಬೇರೆ ಯಾರೋ ನಕ್ಕಂತೆ ಕಾಣುತ್ತಿತ್ತು. ಹೊಸ ಸೆಟ್ಟಿನಲ್ಲಿ ಅದನ್ನು ತರಲೇಬೇಕೆಂದು ಹಟ ಹಿಡಿದು, ಫೋಟೋವನ್ನು ದೀಪಕ್ಕೆ ಹಿಡಿದು ನೋಡುತ್ತ, ಸಂದಿ ಅಗಲವಾಯಿತೆಂದು ಬಿಚ್ಚಿ, ಕಿರಿದಾಯಿತೆಂದು ಮತ್ತೆ ಬಿಚ್ಚಿ ಕೂರಿಸಿದೆ. ನನ್ನ ಜೀವಮಾನದಲ್ಲಿ ಅಂಥ ಕೆಲಸ ಮಾಡಿರಲಿಲ್ಲ. ಅದನ್ನು ಅತ್ತೆ ಇನ್ನೂ ನೋಡಿರಲಿಲ್ಲ. ತಾವು ನೋಡಿದಿರಿ.

ಹೊಸದು ಮಾಡಬಾರದೇ ಎಂದು ತಾವು ಕೇಳಬಹುದು. ಸೆಟ್ಟು ಅಚ್ಚಿನ ಮೇಲೆ ಕೂತಿರುವುದನ್ನು ಕಣ್ಣಾರೆ ಕಾಣದೆ ಆಸ್ಪತ್ರೆಯ ಡಾಕ್ಟರಮ್ಮ ಯಾರ ಬಾಯಿಗೂ ಹಾಕುವುದಿಲ್ಲ, ಹಾಗಾಗಿ ಅಚ್ಚೂ ಪೆಟ್ಟಿಗೆಯೊಳಗೇ ಹೋಯಿತು. ಮೊದಲಿನಿಂದ ಅಳತೆ ತೆಗೆಯಬೇಕು, ಅದಕ್ಕೆ ಬಾಯಿತುಂಬ ಅಂಟು ಮೆತ್ತಬೇಕು. ಅತ್ತೆ ಸುತರಾಂ ಒಪ್ಪಲಿಲ್ಲ. "ಆ ಅಂಟು ಇನ್ನೊಂದ್ಸಲ ಬಾಯಿಗೆ ತಂದ್ರೆ ಕಚ್ಚಿಬಿಡ್ತೀನಿ ನೋಡು!" ಎಂದರು. ಕಚ್ಚೋಕೆ ಹಲ್ಲೆಲ್ಲಿದೆ ಅತ್ತೆ ಎಂದು ಕೇಳಿಬಿಟ್ಟೆ. ನಾನು ಹಾಗೆ ಕೇಳಬಾರದಿತ್ತು. ಅವರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಇದರ ಮೇಲೆ, ಬರುವ ಭಾನುವಾರ ಗಿರಗಿಟ್ಲೆ ಬರುತ್ತಾರೆಂಬ ಸುದ್ದಿ ಬಂತು. ಮದುವೆಯಾಗಿ ದೂರದೂರಿಗೆ ಹೋದ ಮೇಲೆ ಇಬ್ಬರೂ ಭೇಟಿಯಾಗಿರಲಿಲ್ಲ. ಅತ್ತೆ ಬಾಗಿಲ ಹಿಂದಿನಿಂದಲೇ, "ನಾನು ಊರಲ್ಲಿಲ್ಲ ಅಂತ ಹೇಳಿಬಿಡೋ. ಅವಳ ಮುಂದೆ ಈ ಬೊಚ್ಚುಬಾಯಿ ಬಿಡೋಕಾಗಲ್ಲ ಕಣೋ" ಎಂದರು. ಆ ಇಡೀ ವಾರ ನಾನು ಪೈಲಟ್ ಜೊತೆ ವ್ಯಾನಿನಲ್ಲಿ ಕೂತು, ತಾವು ಮತ್ತೊಮ್ಮೆ ದಯಮಾಡಿಸಿದರೆ ಕಾಲಿಗೆ ಬಿದ್ದಾದರೂ ಆ ಒಂದು ಪೆಟ್ಟಿಗೆ ಕೇಳೋಣವೆಂದು, ಹಗ್ಗದ ಗಂಟನ್ನು ಸಡಿಲ ಬಿಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ತಾವು ಬರಲಿಲ್ಲ. ಕದಿಯಲು ಬರುವವರು ಕರೆದಾಗ ಬರುವುದಿಲ್ಲವೆಂಬುದು ತಮ್ಮ ಸೇವೆಯಲ್ಲಿ ನಾನು ಕಂಡ ಏಕೈಕ ಕೊರತೆ.

ಭಾನುವಾರ ಗಿರಗಿಟ್ಲೆ ಬಂದರು. ಹೇಳಿದ ಹೊತ್ತಿಗಲ್ಲ, ಸೀಟಿ ಸಾಹೇಬರು ಪುಸ್ ಎನ್ನುತ್ತಿದ್ದ ಚೌಕದಲ್ಲಿ ಅರ್ಧ ದಿನ ಬೆಂದು ಬಂದರು. ಅತ್ತೆ ಊರಲ್ಲಿಲ್ಲ ಎಂದು ನಾನು ಬಾಯಿ ತೆರೆಯುವುದರೊಳಗೆ ಆಕೆ ನನ್ನನ್ನು ಪಕ್ಕಕ್ಕೆ ತಳ್ಳಿ, ಸೀದಾ ಕೋಣೆಯ ಬಾಗಿಲು ಬಡಿಯುತ್ತ, "ತೆಗಿಯೇ! ನಿನಗೇಂತ ಒಂದು ಬುಟ್ಟಿ ಸೀಬೆಕಾಯಿ ತಂದಿದ್ದೆ, ಮೇಷ್ಟ್ರ ಮರದಿಂದ ಕದ್ದು ತಿಂತಿದ್ವಲ್ಲ, ಅಂಥವೇ. ಆ ಹಾಳು ಜಾಮಿನಲ್ಲಿ ಟ್ಯಾಕ್ಸಿ ಹಿಂದಿನಿಂದ ಯಾರೋ ಬುಟ್ಟಿ ಸಮೇತ ಎತ್ಕೊಂಡು ಹೋದ್ರು ಕಣೇ!" ಎಂದು ಕೂಗಾಡಿದರು.

ಒಳಗಿನಿಂದ ಚಿಲಕ ಸರಿಯಿತು. ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು, ಬಾಯಿಗೆ ಅಡ್ಡ ಹಿಡಿಯಬೇಕಾದ ಕೈಯಿಂದ ಗೆಳತಿಯ ತೋಳು ಹಿಡಿದು, "ಅಯ್ಯೋ, ನನ್ನ ಹಲ್ಲೂ ಅವರೇ ಕದ್ದಿದ್ದು ಕಣೇ!" ಎಂದರು.

ಮಾನ್ಯರೇ, ಹಲ್ಲೂ ತಮ್ಮ ಹತ್ತಿರ, ಸೀಬೆಕಾಯಿಯೂ ತಮ್ಮ ಹತ್ತಿರ. ಅದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಗಿರಗಿಟ್ಲೆ ಮೊದಲು ನಕ್ಕರು, ನಗುತ್ತಲೇ ತಮ್ಮದೇ ಬಾಯಿಂದ ಪೂರ್ತಿ ಸೆಟ್ಟನ್ನು ತೆಗೆದು, "ಕಾಯೇ ಇಲ್ಲದ ಮೇಲೆ ಇನ್ನು ಇದ್ಯಾಕೆ!" ಎಂದು ಪರ್ಸಿನೊಳಗೆ ಹಾಕಿ ಜಿಪ್ ಎಳೆದರು. ಅತ್ತೆ ಅದನ್ನು ನೋಡಿ ನಕ್ಕರು. ಮೂರು ಮನೆಯಾಚೆ ಕೇಳಿಸುವ ಆ ನಗುವೇ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಕೆಳಗೆ ಕೂತುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಳಗಿನಿಂದ ಮೊಬೈಲ್ ಅಂಗಡಿಯವನು ಏನಾಯಿತೆಂದು ಓಡಿಬಂದ. ನಾನು ಅಳೆದು ಅಳೆದು ಇಟ್ಟಿದ್ದ ಆ ಸಂದಿ ಬೇಕೇ ಆಗಿರಲಿಲ್ಲ, ಬಾಯಿತುಂಬ ಸಂದಿಯೇ ಇದ್ದರೂ ಅದು ಫೋಟೋದಲ್ಲಿದ್ದ ಹುಡುಗಿಯದೇ ನಗುವಾಗಿತ್ತು. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತುಬಿಟ್ಟೆ, ಇದನ್ನು ತಮ್ಮ ಮುಂದೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮರುದಿನ ಅತ್ತೆ ತಾವಾಗಿಯೇ ಆಸ್ಪತ್ರೆಗೆ ಹೊರಟರು, ಗಿರಗಿಟ್ಲೆಯೂ ಜೊತೆಗೆ. ಜಾಮಿನ ದೆಸೆಯಿಂದ ನಡೆದೇ ಹೋದೆವು, ಎಲ್ಲರಿಗಿಂತ ಮೊದಲು ತಲುಪಿದೆವು. ಆದರೆ ಡಾಕ್ಟರಮ್ಮ ಬಾಯಿಗೆ ಅಂಟು ಇಟ್ಟು ಅಲ್ಲಾಡಬೇಡಿ ಎನ್ನುವುದೇ ತಡ, ಎದುರಿಗೆ ಕೂತ ಗಿರಗಿಟ್ಲೆ ಪರ್ಸಿನ ಜಿಪ್ ಎಳೆಯುತ್ತಿದ್ದರು, ಅತ್ತೆ ನಗುತ್ತಿದ್ದರು, ಅಚ್ಚು ಕೆಡುತ್ತಿತ್ತು. ಎಷ್ಟು ಸಲ ತೆಗೆದರೂ ಅದೇ ಕಥೆ. ಕೊನೆಗೆ ಡಾಕ್ಟರಮ್ಮ ಬೇಸತ್ತು, ನಗುವಾಗ ಬಿದ್ದ ಅಚ್ಚನ್ನೇ ನನ್ನ ಕೈಗಿತ್ತು ಕಳಿಸಿದರು. ಈಗ ನಾನು ಅದರ ಮೇಲೆಯೇ ಹಲ್ಲು ಕೂರಿಸುತ್ತಿದ್ದೇನೆ. ಈ ಸೆಟ್ಟು ಅತ್ತೆ ನಕ್ಕರೆ ಮಾತ್ರ ಹೊಂದುತ್ತದೆ, ಸಿಟ್ಟು ಮಾಡಿಕೊಂಡು ಕೂತರೆ ಕಳಚಿ ಬೀಳುತ್ತದೆ. ನನ್ನ ಕಸುಬಿನಲ್ಲಿ ಇದನ್ನು ದೊಡ್ಡ ದೋಷವೆನ್ನುತ್ತಾರೆ, ನಾನು ತಿದ್ದುವುದಿಲ್ಲ.

ಈ ಎಲ್ಲ ಕಾರಣಗಳಿಂದ ದೂರನ್ನು ಹಿಂದಕ್ಕೆ ಪಡೆಯಬೇಕೆಂದು ಅತ್ತೆಯ ಅಪ್ಪಣೆಯಾಗಿದೆ. ಮೇಷ್ಟ್ರ ಮರ ಹತ್ತುತ್ತಿದ್ದವರಾದ್ದರಿಂದ ಅವರಿಗೆ ತಮ್ಮ ಮೇಲೆ ಕಸುಬಿನ ಅಭಿಮಾನವೂ ಇದೆ, "ಪಾಪ, ಮೊಬೈಲು ಅಂತ ಎಷ್ಟು ಆಸೆಯಿಂದ ತೆಗೆದಿರ್ತಾರೋ" ಎಂದು ಮರುಗುತ್ತಾರೆ. ನಾನು ಮಾತ್ರ ಹಿಂಪಡೆಯಲಾರೆ. ಸಂದಿಯಿರುವ ಆ ಸೆಟ್ಟು ಯಾರ ಬಾಯಿಗೂ ಹೊಂದದು, ಕರಗಿಸಿದರೆ ಏನೂ ಹುಟ್ಟದು, ನನಗೋ ಅದು ನನ್ನ ಕೈಯ ಅತ್ಯುತ್ತಮ ಕೆಲಸ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ನಾವು ಜಾಮಿನಲ್ಲಿ ನಿಂತಿರುವಾಗ, ಕದ್ದಷ್ಟೇ ನಾಜೂಕಾಗಿ ಅದನ್ನು ನಮ್ಮ ವ್ಯಾನಿನೊಳಗೆ ಇಟ್ಟು ಹೋಗಬೇಕು. ಹಗ್ಗ ಕಟ್ಟುವಾಗ ಮಾತ್ರ ಗಂಟು ಕೊಂಚ ಸಡಿಲವಿರಲಿ. ಸೀಬೆಕಾಯಿ ಹಣ್ಣಾಗುವ ಮುಂಚೆ ತಿಂದು ಮುಗಿಸಿರಿ ಎಂದು ಗಿರಗಿಟ್ಲೆಯವರು ವಿಶೇಷವಾಗಿ ತಿಳಿಸಲು ಹೇಳಿದ್ದಾರೆ.

ತಮ್ಮ ಮುಂದಿನ ಭೇಟಿಯ ನಿರೀಕ್ಷೆಯಲ್ಲಿ ಹಿಂಬಾಗಿಲ ಕಡೆಗೇ ಮುಖ ಮಾಡಿ ಕೂತಿರುವ,
ತಮ್ಮ ವಿಶ್ವಾಸಿ,
ಮೊಬೈಲ್ ಅಂಗಡಿಯ ಮೇಲಿನ ಹಲ್ಲಿನವನು

ತಾ.ಕ.: ಇನ್ನೊಮ್ಮೆ ತಮಗೆ ಮೋಸವಾಗಬಾರದೆಂದು ನಾವು ಪೆಟ್ಟಿಗೆಗಳ ಪದ್ಧತಿಯನ್ನೇ ಬದಲಿಸಿದ್ದೇವೆ. ಹೋದ ವಾರದಿಂದ ನನ್ನ ಭಾವಮೈದುನ ತನ್ನ ಹೊಸ ಮೊಬೈಲುಗಳನ್ನು, ಯಾರೂ ಮುಟ್ಟುವುದಿಲ್ಲವೆಂಬ ಧೈರ್ಯದಿಂದ, 'ಹಲ್ಲಿನ ಸೆಟ್ಟು' ಎಂದು ದಪ್ಪ ಅಕ್ಷರದಲ್ಲಿ ಬರೆದ ಬಿಳಿ ಡಬ್ಬಿಗಳಲ್ಲಿ ತುಂಬಿ ನಮ್ಮ ವ್ಯಾನಿನಲ್ಲೇ ಕಳಿಸುತ್ತಿದ್ದಾನೆ. ಹಲ್ಲುಗಳೂ ಅಂಥದ್ದೇ ಬಿಳಿ ಡಬ್ಬಿಗಳಲ್ಲಿವೆ. ಯಾವುದರಲ್ಲಿ ಏನಿದೆಯೆಂಬುದು ಪೈಲಟ್‌ಗೂ ಗೊತ್ತಿಲ್ಲ, ನನಗೂ ಮರೆತುಹೋಗಿದೆ. ತಾವು ಒಂದೊಂದನ್ನೂ ಅಲ್ಲೇ ತೆರೆದು ನೋಡಿಕೊಂಡು ಒಯ್ಯಬಹುದು. ಅವಸರವೇನಿಲ್ಲ, ಸೀಟಿ ಸಾಹೇಬರ ಹೊಸ ಹಲ್ಲು ತಯಾರಾಗಿದೆ, ಅದು ಆಸ್ಪತ್ರೆ ತಲುಪಿ ಕೈಸೇರುವವರೆಗೆ ಅವರು ನಮ್ಮ ವ್ಯಾನಿನ ಒಳಗೇ, ಡಬ್ಬಿಗಳ ಪಕ್ಕದಲ್ಲಿ, ಬಾಯಿಮುಚ್ಚಿಕೊಂಡು ಕೂತಿರುತ್ತಾರೆ.